ಕೆಲಸದ ಜಾಗದ ಒತ್ತಡ ಎಲ್ಲಿಂದ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಗಾರ್ಮೆಂಟ್ಸ್, ಬ್ಯಾಂಕ್, ಐಟಿ, ಆಸ್ಪತ್ರೆ, ಡೆಲಿವರಿ ಹೀಗೆ ಬೇರೆ ಬೇರೆ ಕಡೆ ದುಡಿಯುವವರು ಮಾತಿನ ನಡುವೆ, ಪತ್ರದಲ್ಲಿ, ಮೆಸೇಜಿನಲ್ಲಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ನಿಮ್ಮದು ಯಾವುದೋ ಅಲ್ಲಿಂದಲೇ ಓದಿಕೊಳ್ಳಿ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ಒತ್ತಡದಿಂದ ಕುಸಿದರೆ ನಾವು ಮೊದಲು ಅವರ ಸ್ವಭಾವದಲ್ಲಿ ಕಾರಣ ಹುಡುಕುತ್ತೇವೆ, ಕೆಲಸ ಹಂಚಿರುವ ರೀತಿಯನ್ನು ಕೊನೆಗೆ ನೋಡುತ್ತೇವೆ. ಇದು ಉಲ್ಟಾ ಆಗಬೇಕು.

## ಮೊದಲ ಪ್ರಶ್ನೆಗಳು

ಕೆಲಸ ಅಂದಮೇಲೆ ಟೆನ್ಷನ್ ಇದ್ದೇ ಇರತ್ತೆ. ಅದನ್ನೇನು ದೊಡ್ಡದು ಮಾಡೋದು?

ಸ್ವಲ್ಪ ಟೆನ್ಷನ್ ಇದ್ದರೆ ತೊಂದರೆ ಇಲ್ಲ. ನಾಳೆ ಆಡಿಟ್ ಇದೆ ಅಂದರೆ ಇವತ್ತು ಕೈ ಚುರುಕಾಗುತ್ತದೆ. ಆಡಿಟ್ ಮುಗಿದ ದಿನ ಮೈ ಹಗುರಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ನಾನು ಮಾತಾಡುತ್ತಿರುವುದು ಮುಗಿಯದೇ ಇರುವ ಒತ್ತಡದ ಬಗ್ಗೆ. ಒಂದು ಗಡುವು ಮುಗಿಯುವ ಮೊದಲೇ ಇನ್ನೊಂದು ಬಂದು ಕೂರುತ್ತದೆ. ಭಾನುವಾರ ಮಧ್ಯಾಹ್ನವೇ ಸೋಮವಾರದ ಸಂಕಟ ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಖಿನ್ನತೆ ಮತ್ತು ಆತಂಕದಿಂದಾಗಿ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ. ಹಾಗಾಗಿ ಇದನ್ನು ದೊಡ್ಡದು ಮಾಡಲೇಬೇಕು.

ಒತ್ತಡ ಆದಾಗ ಮೈಯೊಳಗೆ ನಿಜವಾಗಿ ಏನಾಗತ್ತೆ?

ಅಪಾಯ ಕಂಡರೆ ಮೈ ಓಡಲಿಕ್ಕೋ ಹೊಡೆದಾಡಲಿಕ್ಕೋ ತಯಾರಾಗುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಜೋರಾಗುತ್ತದೆ. ಅದರ ಹಿಂದೆಯೇ ಕಾರ್ಟಿಸಾಲ್ ಬಂದು ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ. ಜೀರ್ಣಕ್ರಿಯೆ ನಿಧಾನವಾಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದೆಲ್ಲ ಬೇಕು. ತೊಂದರೆ ಏನೆಂದರೆ, ಮ್ಯಾನೇಜರ್ "ಕ್ಯಾಬಿನ್‌ಗೆ ಬನ್ನಿ" ಅಂದಾಗಲೂ ಮೈಯೊಳಗೆ ಇದೇ ನಡೆಯುತ್ತದೆ. ಅಲ್ಲಿ ಓಡುವಂತಿಲ್ಲ, ಹೊಡೆದಾಡುವಂತಿಲ್ಲ, ತಲೆಯಾಡಿಸಿಕೊಂಡು ಸುಮ್ನೆ ನಿಲ್ಲಬೇಕು. ದಿನಾ ಹೀಗಾದರೆ ಬಿಪಿ ಏರುತ್ತದೆ, ನಿದ್ದೆ ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಕುತ್ತಿಗೆ ಹಿಡಿದುಕೊಳ್ಳುತ್ತದೆ. ಎಷ್ಟೋ ಜನ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಾ ವರ್ಷಗಳನ್ನೇ ಕಳೆಯುತ್ತಾರೆ.

ನನ್ನ ಪಕ್ಕದವನು ಆರಾಮಾಗಿ ಇದ್ದಾನೆ. ನನಗೆ ಮಾತ್ರ ಯಾಕೆ ಹೀಗೆ? ನಾನೇ ವೀಕಾ?

ಪಕ್ಕದವನ ಮೇಜು ನಿಮ್ಮ ಮೇಜಿನ ಹಾಗೇ ಕಾಣಬಹುದು, ಕೆಲಸ ಹಾಗಿರಬೇಕಿಲ್ಲ. ಅವನಿಗೆ ಒಬ್ಬರೇ ಕೆಲಸ ಹೇಳುತ್ತಾರಾ, ನಿಮಗೆ ಮೂವರಾ? ಅವನ ರಜೆ ಸುಲಭವಾಗಿ ಮಂಜೂರಾಗುತ್ತದಾ? ಅವನ ತಲೆ ಮೇಲೆ ಮನೆ ಸಾಲ ಇದೆಯಾ? ಸ್ವಭಾವದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಆದರೆ ಒಂದೇ ಸೀಟಿನಲ್ಲಿ ಕೂತ ಎರಡು ಮೂರು ಜನ ಒಬ್ಬರಾದ ಮೇಲೊಬ್ಬರು ಕಾಯಿಲೆ ಬಿದ್ದರೋ ಕೆಲಸ ಬಿಟ್ಟರೋ ಅಂದರೆ, ನೋಡಬೇಕಾದ್ದು ಆ ಸೀಟನ್ನು. ಇನ್ನೊಂದು ವಿಷಯ, ಅವನು ಆರಾಮಾಗಿದ್ದಾನೆ ಅಂತ ನಿಮಗೆ ಗೊತ್ತಾಗಿದ್ದು ಅವನ ಮುಖ ನೋಡಿ ಅಲ್ವಾ? ನಿಮ್ಮ ಮುಖ ನೋಡಿ ಅವನೂ ಹಾಗೇ ಅಂದುಕೊಂಡಿರಬಹುದು.

## ಕಾರಣಗಳ ಬಗ್ಗೆ

ಜಾಸ್ತಿ ಕೆಲಸವೇ ತಾನೆ ಮುಖ್ಯ ಕಾರಣ?

ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. 1979ರಲ್ಲಿ ಅಮೆರಿಕದ ರಾಬರ್ಟ್ ಕರಾಸೆಕ್ ಎಂಬ ಸಮಾಜಶಾಸ್ತ್ರಜ್ಞರು ಬೇರೊಂದು ಲೆಕ್ಕ ಮುಂದಿಟ್ಟರು. ಕೆಲಸ ಎಷ್ಟಿದೆ ಅನ್ನುವುದರ ಜೊತೆಗೆ, ಅದನ್ನು ಹೇಗೆ, ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕು ಅನ್ನುವುದು ನಿಮ್ಮ ಕೈಲಿದೆಯಾ ಅಂತಲೂ ನೋಡಬೇಕು. ಕೆಲಸ ಜಾಸ್ತಿ ಇದ್ದು ಹಿಡಿತವೂ ಇದ್ದರೆ ಜನ ದಣಿಯುತ್ತಾರೆ, ಆದರೆ ಕಲಿಯುತ್ತಾರೆ, ಬೆಳೆಯುತ್ತಾರೆ. ಕೆಲಸ ಜಾಸ್ತಿ, ಹಿಡಿತ ಇಲ್ಲ ಅಂದರೆ ಅಲ್ಲೇ ಜನ ಮುರಿದುಬೀಳುವುದು.

ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸ್ ಲೈನನ್ನು ನೆನೆದುಕೊಳ್ಳಿ. ಒಬ್ಬಳು ಕಾಲರ್ ಹೊಲಿಯುತ್ತಾಳೆ, ಮುಂದಿನವಳು ಕಫ್, ಅದರ ಮುಂದಿನವಳು ಜೇಬು. ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡಿನ ಮೇಲೆ ಬರೆದಿರುತ್ತದೆ. ಪ್ರತಿ ಗಂಟೆಗೂ ಸೂಪರ್‌ವೈಸರ್ ಬಂದು ಎಷ್ಟಾಯಿತು ಅಂತ ಅದರ ಕೆಳಗೆ ಬರೆಯುತ್ತಾನೆ. ಹಿಂದಿನವಳ ಮೆಷಿನ್ ಕೆಟ್ಟರೆ ಬಂಡಲ್ ಬರುವುದಿಲ್ಲ, ಆದರೆ ಟಾರ್ಗೆಟ್ ಕಮ್ಮಿಯಾಗುವುದಿಲ್ಲ. ಟಾಯ್ಲೆಟ್‌ಗೆ ಎದ್ದರೆ ಪೀಸ್ ಗುಡ್ಡೆ ಬೀಳುತ್ತವೆ, ಬೈಗುಳ ಬೀಳುತ್ತದೆ. ಅದಕ್ಕೇ ಬೆಳಗಿನಿಂದ ನೀರನ್ನೇ ಕುಡಿಯದೆ ಕೂರುವ ಹೆಂಗಸರಿದ್ದಾರೆ. ಮೂತ್ರದ ಸೋಂಕಿಗೆ ಔಷಧಿ ತೆಗೆದುಕೊಳ್ಳುತ್ತಾರೆ, ವಾಸಿಯಾಗುತ್ತದೆ, ಮತ್ತೆ ಅದೇ ಸ್ಟೂಲಿನ ಮೇಲೆ ಬಂದು ಕೂರುತ್ತಾರೆ. ತನ್ನ ಮೈಗೆ ನೀರು ಯಾವಾಗ ಬೇಕು ಅನ್ನುವುದನ್ನೂ ತಾನು ತೀರ್ಮಾನ ಮಾಡಲಾಗದ ಕೆಲಸ ಅದು. ಇದನ್ನು ಅವಳ ಮನಸ್ಸಿನ ಸಮಸ್ಯೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಕೂಡ ಇದೇ ದಿಕ್ಕಿಗೆ ಬೊಟ್ಟು ಮಾಡಿತು. ಹೃದ್ರೋಗದಿಂದ ಸಾಯುವವರು ಮೇಲಿನ ಅಧಿಕಾರಿಗಳಲ್ಲಿ ಜಾಸ್ತಿ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ತೀರಾ ಕೆಳಗಿನ ದರ್ಜೆಯವರಲ್ಲಿ ಆ ಸಾವಿನ ಪ್ರಮಾಣ ಮೇಲಿನವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಸಿಗರೇಟು, ಬಿಪಿ ಇವುಗಳ ಲೆಕ್ಕ ಕಳೆದ ಮೇಲೂ ವ್ಯತ್ಯಾಸ ಉಳಿಯಿತು. 1985ರಲ್ಲಿ ಶುರುವಾದ ಎರಡನೇ ಅಧ್ಯಯನದಲ್ಲಿ, ಕೆಲಸದ ಮೇಲೆ ಹಿಡಿತ ಕಮ್ಮಿ ಇರುವುದಕ್ಕೂ ಹೃದ್ರೋಗಕ್ಕೂ ನಂಟು ಕಾಣಿಸಿತು.

ವಾರಕ್ಕೆ 70 ಗಂಟೆ ದುಡೀಬೇಕು ಅಂತಾರಲ್ಲ. ಎಷ್ಟು ಗಂಟೆ ಆದ್ರೆ ಜಾಸ್ತಿ?

2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು 70 ಗಂಟೆ ದುಡಿಯಬೇಕು ಅಂದಾಗಿನಿಂದ ಈ ಪ್ರಶ್ನೆ ನಿಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಉತ್ತರ ಇದು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಹೊಡೆಯುವ ಅಪಾಯ ಶೇ 35ರಷ್ಟು ಜಾಸ್ತಿ. ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಜಾಸ್ತಿ. ಸ್ವಂತ ಕಂಪನಿ ಕಟ್ಟುವವರು 70 ಗಂಟೆ ದುಡಿದಿದ್ದಾರೆ, ನಿಜ. ಅವರ ಕೈಲಿ ಹಿಡಿತ ಇತ್ತು, ಲಾಭದ ಪಾಲಿತ್ತು, ಮನೆಯಲ್ಲಿ ಅಡುಗೆ ಮಾಡಿ ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರಿದ್ದರು. ಇದು ಯಾವುದೂ ಇಲ್ಲದ ಟ್ರೈನಿಯಿಂದ ಅಷ್ಟೇ ಗಂಟೆ ಕೇಳುವುದು ನ್ಯಾಯವಲ್ಲ.

ಸಂಬಳ ಚೆನ್ನಾಗೇ ಇದೆ. ಆದ್ರೂ ನೆಮ್ಮದಿ ಯಾಕಿಲ್ಲ?

ದುಡಿಮೆಗೆ ಸಿಗುವ ಪ್ರತಿಫಲ ಮೂರು ಥರದ್ದು: ದುಡ್ಡು, ಮರ್ಯಾದೆ, ನಾಳೆಯ ಭದ್ರತೆ. ಇದನ್ನು ವಿವರಿಸಿದವರು ಸಮಾಜಶಾಸ್ತ್ರಜ್ಞ ಯೊಹಾನೆಸ್ ಸೀಗ್ರಿಸ್ಟ್, 1996ರಲ್ಲಿ. ಹಾಕಿದ ಶ್ರಮಕ್ಕೆ ಈ ಮೂರೂ ಸೇರಿ ಸರಿತೂಗದಿದ್ದರೆ ಒತ್ತಡ ಹುಟ್ಟುತ್ತದೆ. ಐಟಿಯಲ್ಲಿ ದುಡ್ಡು ಬರುತ್ತದೆ, ಭದ್ರತೆ ಇಲ್ಲ. ಪ್ರಾಜೆಕ್ಟ್ ಮುಗಿದು ಬೆಂಚ್ ಮೇಲೆ ಕೂತವರನ್ನು ಕೇಳಿ ನೋಡಿ. ಕೆಲಸವೇ ಇಲ್ಲದ ಆ ವಾರಗಳಲ್ಲೇ ಅವರ ನಿದ್ದೆ ಹೆಚ್ಚು ಕೆಟ್ಟಿರುತ್ತದೆ. ಅಪ್ರೈಸಲ್ ಹೊತ್ತಿನಲ್ಲಂತೂ, ವರ್ಷವಿಡೀ ಮಾಡಿದ ಕೆಲಸ ಒಂದು ಅಂಕಿಯಾಗಿ ಬರುತ್ತದೆ. ಆ ಅಂಕಿ ಯಾಕೆ ಬಂತು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಅಂಕಿಗಿಂತ ಆ ಮೌನ ಜಾಸ್ತಿ ನೋಯಿಸುತ್ತದೆ.

ಭದ್ರತೆ ಎಷ್ಟು ಮುಖ್ಯ ಅನ್ನುವುದಕ್ಕೆ 2016ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಪಿ.ಎಫ್. ಹಣ ಪೂರ್ತಿ ತೆಗೆಯಲು 58 ವರ್ಷದವರೆಗೆ ಕಾಯಬೇಕು ಎಂಬ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಮಗಳ ಮದುವೆಗೆ, ಮಗನ ಫೀಸಿಗೆ ಅಂತ ಅವರು ನಂಬಿ ಕೂತಿದ್ದ ಹಣ ಅದು.

ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು. ಕೆಲಸ ಬರತ್ತೆ, ಮೀಟಿಂಗ್‌ನಲ್ಲಿ ಬಾಯಿ ಬರಲ್ಲ. ಇದೂ ಒತ್ತಡನಾ?

ಖಂಡಿತ ಹೌದು. ಒತ್ತಡದ ಕಾರಣಗಳ ಪಟ್ಟಿಯಲ್ಲಿ ಯಾರೂ ಇದನ್ನು ಬರೆಯುವುದಿಲ್ಲ, ಆದರೆ ನನಗೆ ಬರುವ ಪತ್ರಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ ಬರುತ್ತದೆ. ಉತ್ತರ ನಿಮಗೆ ಗೊತ್ತು. ಮನಸ್ಸಿನಲ್ಲಿ ಕನ್ನಡದಲ್ಲಿ ಸಿದ್ಧವಾಗಿದೆ. ಅದನ್ನು ಇಂಗ್ಲಿಷಿಗೆ ತಿರುಗಿಸಿ, ವ್ಯಾಕರಣ ಸರಿ ಇದೆಯಾ ನೋಡಿ, ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ಅದೇ ಉತ್ತರವನ್ನು ಅರ್ಧಂಬರ್ಧ ಹೇಳಿ ಭೇಷ್ ಅನ್ನಿಸಿಕೊಂಡಿರುತ್ತಾರೆ. ವರ್ಷದ ಕೊನೆಗೆ "ಕಮ್ಯುನಿಕೇಷನ್ ಸುಧಾರಿಸಬೇಕು" ಅಂತ ಅಪ್ರೈಸಲ್‌ನಲ್ಲಿ ಬರುತ್ತದೆ. ಕೆಲಸದ ಜೊತೆಗೆ ಇನ್ನೊಂದು ಕೆಲಸವನ್ನು ನೀವು ದಿನವಿಡೀ ಮಾಡುತ್ತಿದ್ದೀರಿ, ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಮೀಟಿಂಗ್ ವಿಷಯ ಏನು ಅಂತ ಹಿಂದಿನ ದಿನವೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ನಿಮ್ಮ ಎರಡು ಅಂಶಗಳನ್ನು ಮೊದಲೇ ಮೇಲ್ ಮಾಡಿಬಿಡಿ. ಆಮೇಲೆ "ನಾನು ಬರೆದಿದ್ದು ನೋಡಿ" ಅಂದರೆ ಸಾಕು. ತಂಡದಲ್ಲಿ ಕನ್ನಡದವರು ಇದ್ದರೆ ತಾಂತ್ರಿಕ ಚರ್ಚೆಯನ್ನು ಕನ್ನಡದಲ್ಲೇ ಮಾಡಿ. ಕೋಡ್‌ಗೆ ಅದರಿಂದ ಏನೂ ಆಗುವುದಿಲ್ಲ.

ಇಬ್ಬರು ಬಾಸ್. ಒಬ್ಬರು ಹಿಂಗೆ ಮಾಡು ಅಂತಾರೆ, ಇನ್ನೊಬ್ಬರು ಹಂಗೆ. ಏನ್ ಮಾಡ್ಲಿ?

ಇದು ನಿಮ್ಮ ತಪ್ಪಿನಿಂದ ಆದದ್ದಲ್ಲ, ಆದರೆ ಬೈಸಿಕೊಳ್ಳುವವರು ನೀವೇ. ಇಬ್ಬರಿಗೂ ಸೇರಿಸಿ ಒಂದೇ ಮೇಲ್ ಹಾಕಿ: "ಇವತ್ತು ಈ ಎರಡು ಕೆಲಸ ಬಂದಿವೆ, ಒಂದೇ ಆಗುತ್ತದೆ, ಯಾವುದು ಮೊದಲು ತಿಳಿಸಿ." ತೀರ್ಮಾನದ ಭಾರ ಅವರ ಮೇಲೇ ಹೋಗಲಿ.

ಬ್ಯಾಂಕ್ ಕೌಂಟರ್‌ನಲ್ಲಿ ಫ್ಯಾನ್ ಕೆಳಗೆ ಕೂರ್ತೀಯಲ್ಲ, ನಿನಗೇನು ಟೆನ್ಷನ್ ಅಂತ ಮನೇಲಿ ಕೇಳ್ತಾರೆ. ಹೇಗೆ ಹೇಳ್ಲಿ?

ಮನಸ್ಸಿನಲ್ಲಿ ಇರುವುದನ್ನು ಮುಖದ ಮೇಲೆ ತೋರಿಸದೇ ಇರುವುದೂ ಒಂದು ದುಡಿಮೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1980ರ ದಶಕದಲ್ಲಿ ವಿಮಾನದ ಗಗನಸಖಿಯರನ್ನು ನೋಡಿ ಈ ವಿಷಯ ಬರೆದರು. ಬಸ್ ಕಂಡಕ್ಟರ್, ನರ್ಸ್, ಕಾಲ್ ಸೆಂಟರ್ ಹುಡುಗಿ ಎಲ್ಲರೂ ಇದನ್ನು ಮಾಡುತ್ತಾರೆ. ತಿಂಗಳ ಮೊದಲ ವಾರ, ಪೆನ್ಷನ್ ಸಾಲು ಬಾಗಿಲಾಚೆಗೂ ಇದೆ. ಸರ್ವರ್ ಡೌನ್ ಆಗಿದೆ. ಸಾಲಿನಲ್ಲಿರುವ ಅಜ್ಜನಿಗೆ ಅದು ಅರ್ಥವಾಗಬೇಕಿಲ್ಲ, ಅವರು ಕೌಂಟರಿನಲ್ಲಿ ಇರುವವರನ್ನೇ ಬೈಯುತ್ತಾರೆ. ನೀವು "ಐದು ನಿಮಿಷ ತಾತ" ಅನ್ನಬೇಕು. ಅದರ ನಡುವೆ ಇನ್ಶೂರೆನ್ಸ್ ಪಾಲಿಸಿ ಮಾರುವ ಟಾರ್ಗೆಟ್. ಸಂಜೆ ಕ್ಯಾಶ್ ಟ್ಯಾಲಿ ಆಗದಿದ್ದರೆ ಕಮ್ಮಿ ಬಿದ್ದ ಹಣ ನಿಮ್ಮ ಜೇಬಿನಿಂದ. ಮನೆಯವರಿಗೆ ಇಷ್ಟನ್ನೂ ಹೀಗೇ ಹೇಳಿ.

ಟ್ರಾಫಿಕ್ಕನ್ನೂ ಕೆಲಸದ ಒತ್ತಡ ಅಂತ ಲೆಕ್ಕ ಹಾಕಬಹುದಾ?

ಹಾಕಲೇಬೇಕು. ಸಿಲ್ಕ್ ಬೋರ್ಡ್ ದಾಟಿ ಔಟರ್ ರಿಂಗ್ ರೋಡ್ ಹಿಡಿಯುವವರು ಆಫೀಸಿಗೆ ಬರುವ ಮೊದಲೇ ಅರ್ಧ ಸುಸ್ತಾಗಿರುತ್ತಾರೆ. ಎಷ್ಟು ದೂರ ಅನ್ನುವುದಕ್ಕಿಂತ, ಇವತ್ತು ಎಷ್ಟು ಹೊತ್ತಾಗುತ್ತದೆ ಅಂತ ಹೇಳಲಾಗದೇ ಇರುವುದು ಜಾಸ್ತಿ ಹಿಂಸೆ. ಪಂಚಿಂಗ್ ಸಮಯವನ್ನು ಒಂದು ಗಂಟೆ ಅತ್ತಿತ್ತ ಬಿಟ್ಟುಕೊಡುವ ಕಂಪನಿ ದುಡ್ಡು ಖರ್ಚು ಮಾಡದೆ ದೊಡ್ಡ ಉಪಕಾರ ಮಾಡುತ್ತದೆ.

ಮನೆಯಿಂದಲೇ ಕೆಲಸ. ಓಡಾಟ ಇಲ್ಲ. ಆದ್ರೂ ಯಾಕೆ ಜಾಸ್ತಿ ಸುಸ್ತು?

ಕೆಲಸಕ್ಕೆ ಕೊನೆ ಅನ್ನುವುದೇ ಇಲ್ಲದ್ದರಿಂದ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಆದಾಗ ಇಲ್ಲಿ ಸಂಜೆ 6.30, ಅವರ ಚಳಿಗಾಲದಲ್ಲಿ 7.30. ಕ್ಲೈಂಟ್ ದಿನ ಶುರು ಮಾಡುವ ಹೊತ್ತಿಗೆ ನಿಮ್ಮ ದಿನ ಮುಗಿದಿರಬೇಕಿತ್ತು, ಆದರೆ ಕಾಲ್ ಇರುತ್ತದೆ. ಊಟದ ತಟ್ಟೆ ಪಕ್ಕ ಫೋನ್. ಮೆಸೇಜ್ ಬಂದರೂ ಒತ್ತಡ, ಬರಬಹುದು ಅಂತ ಕಾಯುವುದೂ ಒತ್ತಡ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, 50ಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಗಳು ಕೆಲಸದ ವೇಳೆಯಾಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ನೌಕರರ ಜೊತೆ ಕೂತು ಮಾತಾಡಬೇಕು ಅಂತ ಕಾನೂನಿದೆ. ನಮ್ಮಲ್ಲಿ ಅದು ಬರುವವರೆಗೆ, ತಂಡವಾಗಿ ಒಂದು ಸಮಯ ಗೊತ್ತು ಮಾಡಿಕೊಳ್ಳಿ. ಒಬ್ಬರೇ ಫೋನ್ ಆಫ್ ಮಾಡಿದರೆ ಸೋಮಾರಿ ಅನ್ನಿಸಿಕೊಳ್ಳುತ್ತೀರಿ.

ಹೆಂಗಸರಿಗೆ ಬೇರೆ ಥರದ ಒತ್ತಡ ಇದೆಯಾ?

ಇದೆ. ಆಫೀಸಿನ ಪಾಳಿಗೆ ಮೊದಲು ಒಂದು ಪಾಳಿ, ನಂತರ ಒಂದು ಪಾಳಿ ಮನೆಯಲ್ಲಿ. ಹೆರಿಗೆ ರಜೆ ಮುಗಿಸಿ ಬಂದವಳಿಗೆ ಸಣ್ಣಪುಟ್ಟ ಕೆಲಸ ಮಾತ್ರ ಕೊಡುವುದು ಮಾಮೂಲಿ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತು, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಎಷ್ಟೋ ಕಡೆ ಆ ಕೋಣೆಯಲ್ಲಿ ಹಳೆ ಕಂಪ್ಯೂಟರ್ ಪೇರಿಸಿಟ್ಟಿರುತ್ತಾರೆ. ಲೈಂಗಿಕ ಕಿರುಕುಳದ ವಿಚಾರವಾದರೆ 2013ರ ಕಾಯ್ದೆ ಇದೆ. 10 ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ಇದನ್ನು ಮರೆಯಬೇಡಿ.

ಹೊಸಬರು ಬಂದ ತಕ್ಷಣ ಊರು ಯಾವುದು, ಯಾವ ಜನ ಅಂತ ಸುತ್ತಿ ಬಳಸಿ ಕೇಳ್ತಾರೆ. ಉತ್ತರ ಕೊಡೋಕೇ ಭಯ.

ಆ ಭಯಕ್ಕೆ ಕಾರಣ ಇದೆ. ಜಾತಿ ಗೊತ್ತಾದ ಮೇಲೆ ಊಟದ ಮೇಜಿನಲ್ಲಿ ಜಾಗ ಬದಲಾಗುವುದನ್ನು ಕಂಡವರು ಬಹಳ ಜನ ಇದ್ದಾರೆ. ದಿನಕ್ಕೆ ಎಂಟು ಗಂಟೆ ಒಂದು ವಿಷಯ ಮುಚ್ಚಿಟ್ಟುಕೊಂಡು ಕೂರುವುದು ತುಂಬಾ ದಣಿಸುತ್ತದೆ. ಉತ್ತರ ಕೊಡಬೇಕಾದ ಬಾಧ್ಯತೆ ನಿಮಗಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ನಾನು ಡೆಲಿವರಿ ಮಾಡ್ತೀನಿ. ತಲೆ ಮೇಲೆ ಬಾಸೇ ಇಲ್ಲ. ಮತ್ತೆ ಯಾಕೆ ಇಷ್ಟು ಟೆನ್ಷನ್?

ಬಾಸ್ ಇದ್ದಾನೆ, ನಿಮ್ಮ ಜೇಬಿನಲ್ಲಿರುವ ಆ್ಯಪ್ ಒಳಗೆ ಕೂತಿದ್ದಾನೆ. ಅವನ ಜೊತೆ ಮಾತಾಡಲು ಆಗುವುದಿಲ್ಲ. ಮಳೆಯಲ್ಲಿ ತಡವಾಗಿದ್ದಕ್ಕೆ ರೇಟಿಂಗ್ ಇಳಿದರೆ ಕಾರಣ ಹೇಳಲು ಮನುಷ್ಯ ಸಿಗುವುದಿಲ್ಲ. ಐಡಿ ಬ್ಲಾಕ್ ಆದರೆ ಆ ದಿನವೇ ಅನ್ನ ನಿಂತಂತೆ. ಕರ್ನಾಟಕದಲ್ಲಿ 2025ರಲ್ಲಿ ಬಂದ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ದುಡಿಯುವವರ, ಕಾಯ್ದೆ ಈ ಗಾಯಕ್ಕೇ ಕೈ ಇಟ್ಟಿದೆ. ಕೆಲಸದಿಂದ ತೆಗೆಯಲು ಲಿಖಿತ ಕಾರಣ ಮತ್ತು 14 ದಿನದ ನೋಟಿಸ್ ಬೇಕು. ಯಂತ್ರ ಹೇಗೆ ತೀರ್ಮಾನ ಮಾಡುತ್ತದೆ ಅಂತ ತಿಳಿಯುವ ಹಕ್ಕಿದೆ. ಮೊದಲು ಆ ಕಾಯ್ದೆಯಡಿಯ ಗಿಗ್ ಕಾರ್ಮಿಕರ ಮಂಡಳಿಯಲ್ಲಿ ನಿಮ್ಮ ಹೆಸರು ನೋಂದಣಿ ಆಗಿದೆಯಾ ನೋಡಿಕೊಳ್ಳಿ.

## ಸ್ವಲ್ಪ ಆಳಕ್ಕೆ

ಬರ್ನ್‌ಔಟ್ ಅಂತಾರಲ್ಲ, ಅದು ಕಾಯಿಲೆನಾ?

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಬರ್ನ್‌ಔಟ್ ಇದೆ, ಆದರೆ ಕಾಯಿಲೆ ಅಂತ ಅಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ. ಲಕ್ಷಣಗಳು ಮೂರು. ಪೂರ್ತಿ ಬತ್ತಿಹೋದಂತೆ ಸುಸ್ತು. ಕೆಲಸದ ಮೇಲೆ ಜಿಗುಪ್ಸೆ. ನನ್ನಿಂದ ಏನೂ ಆಗುತ್ತಿಲ್ಲ ಅನ್ನುವ ಭಾವನೆ. ಮನೆಯ ಜಗಳಕ್ಕೋ ಬೇರೆ ದುಃಖಕ್ಕೋ ಈ ಹೆಸರು ಬಳಸಬಾರದು ಅಂತಲೂ ಅಲ್ಲಿ ಹೇಳಿದ್ದಾರೆ. ಕಾರಣವನ್ನು ನೇರವಾಗಿ ಕೆಲಸದ ಜಾಗಕ್ಕೆ ಕಟ್ಟಿದ್ದು ಸರಿಯಾಗಿದೆ.

ನಮ್ಮ ಕಂಪನೀಲಿ ಯೋಗ ಕ್ಲಾಸ್, ಧ್ಯಾನದ ಆ್ಯಪ್ ಎಲ್ಲಾ ಕೊಟ್ಟಿದ್ದಾರೆ. ಸಾಕಲ್ವಾ?

ಯೋಗ ಮಾಡಿ, ಒಳ್ಳೆಯದು. ಆದರೆ ಮೂವರ ಕೆಲಸ ಒಬ್ಬರಿಗೆ ಕೊಟ್ಟು ಪ್ರಾಣಾಯಾಮ ಹೇಳಿಕೊಡುವುದು, ಸೂರು ಸೋರುವಾಗ ಕೆಳಗೆ ಪಾತ್ರೆ ಇಟ್ಟ ಹಾಗೆ. ಮನಶ್ಶಾಸ್ತ್ರಜ್ಞರಾದ ಕ್ರಿಸ್ಟಿನಾ ಮಸ್ಲಾಕ್ ಮತ್ತು ಮೈಕೆಲ್ ಲೀಟರ್ ಬರ್ನ್‌ಔಟ್‌ಗೆ ಆರು ಮೂಲಗಳನ್ನು ಗುರುತಿಸಿದ್ದಾರೆ: ಹೊರೆ, ಹಿಡಿತ, ಪ್ರತಿಫಲ, ಜೊತೆಗಾರರು, ನ್ಯಾಯ, ಮೌಲ್ಯ. ಯೋಗದ ಚಾಪೆ ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಖಾಲಿ ಹುದ್ದೆ ತುಂಬಿದ್ದಾರಾ, ಕೇಳಿದ ರಜೆ ಕೊಡುತ್ತಾರಾ, ಅದನ್ನು ನೋಡಿ.

ಇಷ್ಟೇ ಗಂಟೆ ಕೆಲಸ ಅಂತ ಕಾನೂನಲ್ಲಿ ಏನಾದ್ರೂ ಇದೆಯಾ?

ಅಂಗಡಿ, ಆಫೀಸು, ಐಟಿ ಕಂಪನಿಗಳಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓಟಿಗೆ ಎರಡರಷ್ಟು ಕೂಲಿ. ಆಡಳಿತ ಹುದ್ದೆಯವರಿಗೆ ಇದು ಅನ್ವಯಿಸುವುದಿಲ್ಲ. ಕಾರ್ಖಾನೆಗಳಿಗೂ ವಾರಕ್ಕೆ 48 ಗಂಟೆಯೇ ಮಿತಿ, ಆದರೆ 2023ರ ರಾಜ್ಯ ತಿದ್ದುಪಡಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. 2024ರಲ್ಲಿ ಐಟಿ ವಲಯಕ್ಕೆ ದಿನಕ್ಕೆ 14 ಗಂಟೆಯವರೆಗೆ ಅವಕಾಶ ಕೊಡುವ ಪ್ರಸ್ತಾಪ ಬಂದಾಗ, ಐಟಿ ನೌಕರರ ಸಂಘ ಕೆ.ಐ.ಟಿ.ಯು. ಜೋರಾಗಿ ವಿರೋಧಿಸಿತು. ಐಟಿಯವರಿಗೆ ಸಂಘ ಯಾಕೆ ಅಂತ ಕೇಳುವವರಿಗೆ ಇದೊಂದೇ ಉತ್ತರ ಸಾಕು.

ನಾನು ಟೀಮ್ ಲೀಡ್. ಮೇಲಿನವರು ಒತ್ತುತ್ತಾರೆ, ಕೆಳಗಿನವರಿಗೆ ನಾನು ಒತ್ತಬೇಕು. ನನ್ನ ಕೈಲೇನಿದೆ?

ಸಂಬಳ, ಹುದ್ದೆ ನಿಮ್ಮ ಕೈಲಿಲ್ಲ. ಆದರೆ ದಿನ ಹೇಗಿರಬೇಕು ಅನ್ನುವುದರಲ್ಲಿ ಬಹಳಷ್ಟು ನಿಮ್ಮ ಕೈಲಿದೆ. ಗಡುವು ಹೇಳುವ ಮೊದಲು ಮಾಡುವವರನ್ನು ಕೇಳಿ. ಕೆಟ್ಟ ಸುದ್ದಿಯನ್ನು ಬೇಗ ಹೇಳಿ. ತಪ್ಪಾದರೆ ಎಲ್ಲರ ಮುಂದೆ ಬೈಯಬೇಡಿ. ಹೊಗಳುವಾಗ ಯಾವ ಕೆಲಸಕ್ಕೆ ಅಂತ ಹೆಸರು ಹಿಡಿದು ಹೇಳಿ. ಮೇಲಿನವರ ಹತ್ತಿರ ಹೋಗುವಾಗ "ಹುಡುಗರು ದಣಿದಿದ್ದಾರೆ" ಅನ್ನಬೇಡಿ. ಎಷ್ಟು ಜನ ಬಿಟ್ಟರು, ಅವರ ಜಾಗಕ್ಕೆ ಹೊಸಬರನ್ನು ತಯಾರು ಮಾಡಲು ಎಷ್ಟು ತಿಂಗಳು ಹಿಡಿಯಿತು, ಆ ಲೆಕ್ಕ ಇಡಿ. ಅವರಿಗೆ ಅರ್ಥವಾಗುವುದು ಅದು.

ಯಾವಾಗ ಡಾಕ್ಟರ್ ಹತ್ರ ಹೋಗ್ಬೇಕು?

ಎರಡು ವಾರದಿಂದ ನಿದ್ದೆ ಸರಿಯಿಲ್ಲ, ಇಷ್ಟವಾಗಿದ್ದು ಯಾವುದೂ ಬೇಡ ಅನ್ನಿಸುತ್ತಿದೆ, ಸುಮ್ನೆ ಅಳು ಬರುತ್ತಿದೆ, ಕುಡಿತ ಜಾಸ್ತಿಯಾಗಿದೆ ಅಂದರೆ ಹೋಗಿ. ಬದುಕು ಸಾಕು ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸೇವೆ. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮೆಯವರು ಮನಸ್ಸಿನ ಕಾಯಿಲೆಯನ್ನು ಮೈಯ ಕಾಯಿಲೆಯಂತೆಯೇ ನೋಡಬೇಕು.

ಕೆಲಸ ಬಿಟ್ಟುಬಿಡ್ಲಾ?

ಕಾರಣ ಆ ಜಾಗದ್ದಾ, ಆ ವೃತ್ತಿಯದ್ದೇನಾ ಅಂತ ಮೊದಲು ಬಿಡಿಸಿ ನೋಡಿ. ಒಬ್ಬ ಮ್ಯಾನೇಜರ್ ಸಮಸ್ಯೆಯಾದರೆ ಟೀಮ್ ಬದಲಾವಣೆ ಕೇಳಬಹುದು. ರಾತ್ರಿ ಪಾಳಿ ಸಮಸ್ಯೆಯಾದರೆ, ಅದೇ ಕೆಲಸಕ್ಕೆ ಬೇರೆ ಕಂಪನಿಗೆ ಹೋದರೂ ಅದೇ ರಾತ್ರಿ ಇರುತ್ತದೆ. ಮೈ ಕೈಕೊಡುತ್ತಿದೆ ಅಂದರೆ ಬಿಡುವುದರಲ್ಲಿ ಯಾವ ಸೋಲೂ ಇಲ್ಲ. ಬಿಡುವ ಮೊದಲು ನೋಟಿಸ್ ಪೀರಿಯಡ್ ಎಷ್ಟು, ಉಳಿದ ರಜೆಗೆ ದುಡ್ಡು ಸಿಗುತ್ತದಾ ಅಂತ ನೋಡಿ. ಇಎಂಐ ಸೇರಿಸಿ ಕೆಲವು ತಿಂಗಳ ಖರ್ಚು ಕೈಲಿರಲಿ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೆ ನಿಂತುಹೋಗುತ್ತದೆ. ಅಪ್ಪ ಅಮ್ಮ ಅದರಲ್ಲಿದ್ದರೆ ಬೇರೆ ಪಾಲಿಸಿ ಮೊದಲೇ ಮಾಡಿಸಿ. ರಿಲೀವಿಂಗ್ ಲೆಟರ್ ಪಡೆಯದೆ ಬರಬೇಡಿ, ಪಿ.ಎಫ್. ಹಣವನ್ನು ಅದೇ ಯುಎಎನ್ ನಂಬರಿನಲ್ಲಿ ಹೊಸ ಕಡೆಗೆ ವರ್ಗಾಯಿಸಿಕೊಳ್ಳಿ.